ರೇಡಿಯೇಟರಿಗೆ ಕಪಿಲೆ ನೀರು

ಗೆಳೆಯರೇ, ಇವತ್ತು ನಂಜನಗೂಡಿನ ಗ್ಯಾರೇಜಿನಲ್ಲಿ ನಮ್ಮ ಹಳೇ ಲಾರಿಯ ರೇಡಿಯೇಟರ್ ಬಿಚ್ಚಿದರೆ ಕೆಸರಿನಂಥ ಕೆಂಪು ನೀರು ಸುರಿಯಿತು. ಊಟಿ ಚಳಿಗೆಂದು ಹಾಕಿಸಿದ ಹೀಟರ್ ಬಿಸಿಯೇ ಆಗುತ್ತಿರಲಿಲ್ಲ. ಘಾಟಿಯಲ್ಲಿ ಕಾಲು ಮರಗಟ್ಟಿ ಬ್ರೇಕೇ ಗೊತ್ತಾಗುವುದಿಲ್ಲ ಎಂದು ಡ್ರೈವರ್ ಮಾದೇವಣ್ಣ ಹೇಳಿದ್ದ.

"ಹೀಟರ್‌ಗೂ ಇದೇ ನೀರು ಓಗದು. ಪೈಪ್ ತುಂಬ ತುಕ್ಕು ಕಟ್ಕಂಡದೆ. ಯಾವ್ ನೀರು ಆಕ್ತಿದ್ದೆ ಅಣ್ಣ?" ಎಂದ ಮೆಕ್ಯಾನಿಕ್ ಸಿದ್ದರಾಜು.

"ಕಪಿಲೆ ನೀರು ಕಣ್ಲಾ," ಎಂದ ಮಾದೇವಣ್ಣ. "ಸ್ನಾನಘಟ್ಟದಿಂದ ನಾನೇ ತಂದು ತುಂಬ್ತೀನಿ. ಅದ್ಕೇ ಗಾಟಿಲಿ ಇಷ್ಟು ವರ್ಷ ಏನೂ ಆಗಿಲ್ಲ." ತುಕ್ಕು ಹಿಡಿಯದಿರಲೆಂದು ಸಿದ್ದರಾಜು ತಂದ ಹಸಿರು ಕೂಲೆಂಟ್ ಕಂಡು ಸಿಡುಕಿದ: "ಆ ಬಣ್ಣದ ನೀರು ಆಕುದ್ರೆ ನಾನು ಗಾಡಿ ಅತ್ತಲ್ಲ." ಕೀಲಿಕೈ ನನ್ನ ಕೈಗಿಟ್ಟ.

ಕಾಪಾಡಲೆಂದು ತುಂಬಿದ ನೀರೇ ಅವನ ಕಾಲು ಮರಗಟ್ಟಿಸುತ್ತಿತ್ತು ಎಂದು ಹೇಗೆ ಹೇಳಲಿ?

ಸಿದ್ದರಾಜು ಹೇಳಿದ: "ತೀರ್ಥವ ಯಾರಾದ್ರೂ ಕೊಡಗಟ್ಲೆ ಕುಡೀತಾರಾ ಮಾದೇವಣ್ಣ? ಒಂದು ಉದ್ಧರಣೆ ಸಾಕು."

ಮಾದೇವಣ್ಣ ತಲೆಯಾಡಿಸಿದ. ಪೈಪ್ ತೊಳೆದು ಕೂಲೆಂಟ್ ತುಂಬಿದ ಮೇಲೆ, ತನ್ನ ಕ್ಯಾನಿನ ಮುಚ್ಚಳದಿಂದ ರೇಡಿಯೇಟರಿಗೆ ಒಂದೇ ಗುಟುಕು ಕಪಿಲೆ ನೀರು ಬಿಟ್ಟು ಕೈಮುಗಿದ. ಇಂಜಿನ್ ಕಾಯುತ್ತಲೇ ಕಾಲಿಗೆ ಬಿಸಿ ಗಾಳಿ ಬಂತು. ಕೀಲಿಕೈ ವಾಪಸ್ ಕೇಳಿದ.

ಇಷ್ಟು ವರ್ಷ ನಮ್ಮ ಲಾರಿಗೆ ಬರೀ ಹೊಳೆ ಸ್ನಾನ. ತೀರ್ಥ ಸಿಕ್ಕಿದ್ದು ಇವತ್ತೇ.