ನಲವತ್ತೊಂದಕ್ಕೂ ಕೈತುತ್ತು

“ನಲವತ್ತ ದಾಟ್ಯಾನ, ಇನ್ನೂ ಅವ್ವನ ಸೆರಗ ಬಿಟ್ಟಿಲ್ಲ. ಇಂಥವಗ ಯಾರ ಹೆಣ್ಣ ಕೊಟ್ಟಾರ!” ಎಂದು ಟೀವಿ ನೋಡುತ್ತ ಅವ್ವ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಮೊಸರನ್ನದ ಕೈತುತ್ತೊಂದನ್ನು ನನ್ನ ಅಂಗೈಗೆ ಇಟ್ಟಳು. ನನಗಾಗ ನಲವತ್ತೊಂದು.

ಟೀವಿಯಲ್ಲಿದ್ದದ್ದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ. ಮದುವೆಯಾಗದ ಮಗನೊಬ್ಬ ಅಪ್ಪ ಅಮ್ಮನ ಜೊತೆಗೇ ಇದ್ದುಕೊಂಡು ಪಡುವ ಪಾಡು ಅದರ ಕಥೆ. ಕೆನಡಾದ ಜಾರ್ಜ್‌ಟೌನಿನ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ನಾನು ಮೂವರೂ ಅದನ್ನು ತಪ್ಪದೆ ನೋಡುತ್ತಿದ್ದೆವು. ಆದರೆ ಆ ಭಾನುವಾರ ಮಧ್ಯಾಹ್ನ ಸುಮಾ ಕೂಡ ಇದ್ದಳು. ಬೆಳಗಾವಿಯವಳು, ಒಶಾವಾದಲ್ಲಿ ನರ್ಸು. ಮನೆಯವರನ್ನು ನೋಡಿ ಮದುವೆಗೆ ಹೂಂ ಅಥವಾ ಊಹೂಂ ಹೇಳುತ್ತೇನೆ ಎಂದು ಊಟಕ್ಕೆ ಬಂದಿದ್ದಳು.

“ಟೀವ್ಯಾಗಿನಂವನ್ನ ಬಿಡ, ನಿನ್ನ ಬಾಜೂಕ ಕುಂತಾಂವನ್ನ ನೋಡ,” ಎಂದರು ಅಪ್ಪ.

ಅವ್ವನ ಕೈ ಮುಂದಿನ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತು. ಮುಗಿಯಿತು, ಸುಮಾ ಈಗ ಎದ್ದು ಜಾಕೆಟ್ ಹಾಕಿಕೊಂಡು ಹೊರಡುತ್ತಾಳೆ ಅಂದುಕೊಂಡೆ.

ಬಂದಾಗಿನಿಂದ ‘ಆಂಟಿ, ಆಂಟಿ’ ಎನ್ನುತ್ತಿದ್ದ ಸುಮಾ ಅಂಗೈ ಚಾಚಿದಳು.

“ಅತ್ತೀ, ಆ ತುತ್ತ ನನಗ ಕೊಡ್ರಿ. ಅವರಿಗೆ ಆಗಲೇ ಭಾಳ ಆಗೇದ!”

ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಮದುವೆಯಾದ ಮೇಲೆ, ಬೇರೆ ಮನೆ ಮಾಡೋಣವೇ ಎಂದು ಸುಮಾಳನ್ನು ಎರಡು ಸಲ ಕೇಳಿ ನೋಡಿದ್ದೇನೆ. “ನೀವ ಬೇಕಾರ ಹೋಗ್ರಿ,” ಅನ್ನುತ್ತಾಳೆ.