ನಾನು ಬರೆದ ಬಳೆ

ಮೊನ್ನೆ ಕಚೇರಿಯ ಮುಂದೆ ಹಾದುಹೋಗುವಾಗ ಹಳೆಯ ದಫ್ತರದ ಗಂಟುಗಳನ್ನು ಬಿಚ್ಚಿ ಬಿಸಿಲಿಗೆ ಹರಡಿದ್ದರು. ಹುಳ ಹತ್ತದಿರಲೆಂದು ಕಾಗದಗಳ ನಡುವೆ ಇಟ್ಟಿದ್ದ ಬೇವಿನ ಎಲೆ ಒಣಗಿ ಪುಡಿಯಾಗಿತ್ತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ನನ್ನ ಅಣ್ಣನ ಅಂಗಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ಕುಂಪಣಿ ಸರಕಾರದ ಕಾಲ, ನರಗುಂದದ ಬಂಡಾಯಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಅಣ್ಣ ಕಚೇರಿಯಲ್ಲಿ ಕಾರಕೂನನಾಗಿದ್ದ. ನಾನು ನಾಲ್ಕು ಅಕ್ಷರ ಕಲಿತು ಶಾಲೆ ಬಿಟ್ಟವನು. ಅವನೇ ಹೇಳಿಸಿ ನನ್ನನ್ನು ಅಲ್ಲಿ ಶಿಪಾಯಿ ಮಾಡಿಸಿದ್ದ. ಹಳ್ಳಿಗಳಿಗೆ ನೋಟೀಸು ಮುಟ್ಟಿಸುವುದು ನನ್ನ ಕೆಲಸ.

ಅಣ್ಣನಿಗೆ ಒಂದು ರೂಢಿ ಇತ್ತು. ಯಾರ ಮೇಲೆ ಹುಕುಂ ಆಗುವುದೋ ಅವರನ್ನು ಎದುರಿಗೆ ಕೂರಿಸಿ ಓದಿ ಹೇಳುತ್ತಿದ್ದ. "ಏನ್ ತಿಳೀತು, ತಿರುಗಿ ಹೇಳ್ರಿ" ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದ. ಆಮೇಲೆ ಕಾರಣ ಬರೆದು ಗುರುತು ಹಾಕಿಸಿಕೊಳ್ಳುತ್ತಿದ್ದ. ಕಾರಣವಿಲ್ಲದ ಕಾಗದ ಕಚೇರಿಯ ಮುಖ್ಯಸ್ಥರಾದ ಮಾಮಲೇದಾರರಿಂದ ಬಂದರೂ ಅವರ ಮುಂದೆಯೇ ತಿರುಗಿ ಇಡುತ್ತಿದ್ದ. ಉಳಿದ ಕಾರಕೂನರು ನಗುತ್ತಿದ್ದರು: "ಇಂವಾ ರೊಟ್ಟಿ ಮುರಿಯೂ ಮುಂದೂ ಕಾರಣಾ ಬರದ ಮುರೀತಾನ." ಮಾಮಲೇದಾರರು ಮಾತ್ರ ನಗುತ್ತಿರಲಿಲ್ಲ.

ಆಗ ಕುಂಪಣಿ ಸರಕಾರ ಇನಾಮು ಹೊಲಗಳ ವಿಚಾರಣೆ ನಡೆಸಿತ್ತು. ಹಿಂದಿನ ದೊರೆಗಳು ಬರೆದುಕೊಟ್ಟ ಸನದು ಪತ್ರ ತೋರಿಸದಿದ್ದರೆ ಹೊಲ ಸರಕಾರದ್ದು. ಅಸೂಟಿಯ ಒಬ್ಬ ಮುದುಕಿಗೆ ಅಂಥದೊಂದು ಹೊಲವಿತ್ತು. ಗಜೇಂದ್ರಗಡದ ದಾರಿಯಲ್ಲಿ ಬೇಸಗೆಗೆ ನೀರಿನ ಅರವಟಿಗೆ ಇಡಬೇಕೆಂದು ಅವಳ ಮಾವನಿಗೆ ಕೊಟ್ಟದ್ದು. ಅವಳಿಗೆ ಬೇರೆ ಆಸರೆ ಇರಲಿಲ್ಲ. ಇಂಥ ದಿನ ಸನದು ತೆಗೆದುಕೊಂಡು ಬರಬೇಕೆಂಬ ನೋಟೀಸನ್ನು ಅಣ್ಣ ನನ್ನ ಕೈಗೆ ಕೊಟ್ಟ.

ಆ ದಿನ ಮುಶಿಗೇರಿಯಲ್ಲಿ ಕುಸ್ತಿ ಇತ್ತು. ನಾನು ಅಸೂಟಿಗೆ ಹೋಗಲಿಲ್ಲ. ಅಕ್ಷರ ಬಾರದವರು ಸಹಿಯ ಜಾಗದಲ್ಲಿ ಗುರುತು ಬರೆಯುತ್ತಿದ್ದರು: ಒಕ್ಕಲಿಗ ನೇಗಿಲು, ವ್ಯಾಪಾರಿ ತಕ್ಕಡಿ, ಹೆಂಗಸು ಬಳೆ. ಕುಸ್ತಿಯ ಕಣದ ಬದಿಯಲ್ಲಿ ಕೂತು, ಮುದುಕಿಗೆ ಮುಟ್ಟಿತೆಂದು ತೋರಿಸಲು ನಾನೇ ನೋಟೀಸಿನ ಕೆಳಗೆ ಒಂದು ಬಳೆ ಬರೆದೆ.

ವಿಚಾರಣೆಯ ದಿನ ಮೂರು ಸಲ ಕೂಗಿದರೂ ಮುದುಕಿ ಬರಲಿಲ್ಲ. ಅಣ್ಣ ನನ್ನತ್ತ ತಿರುಗಿದ.

"ತಮ್ಮಾ, ಆಕಿ ಕೈಯಾಗ ಕೊಟ್ಟಿ ಹೌದಿಲ್ಲೋ?"

"ಕೊಟ್ಟೀನಿ ಅಣ್ಣಾ."

ನನ್ನ ಮಾತಿನ ಮೇಲೆ ಅವನು "ತಿಳಿಸಿದರೂ ಬಂದಿಲ್ಲ" ಎಂದು ಬರೆದ. ಹೊಲ ಹೋಯಿತು.

ಎಂಟು ದಿನಕ್ಕೆ, ಹೊಲ ಹೋದ ಸುದ್ದಿ ಕೇಳಿ ಮುದುಕಿ ಸನದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಣ್ಣ ನೋಟೀಸು ತೆಗೆದು ತೋರಿಸಿದ. ಅವಳು ಬಗ್ಗಿ ನೋಡಿದಳು.

"ಇದ್ಯಾರದು ಬಳಿ? ನಾ ಬಳಿ ಒಡದು ಇಪ್ಪತ್ತ ವರ್ಷ ಆತ್ರಿ ಕಾರಕೂನ್ರ. ಹೊಲಾ ಉಳಾಕಿ ನಾನ. ನೇಗಲಾ ಬರೀತೀನಿ. ಹಳೀ ಕಾಗದಾ ತಗದ ನೋಡ್ರಿ."

ಹಳೆಯ ಕಾಗದದಲ್ಲಿ ನೇಗಿಲೇ ಇತ್ತು. ಅಣ್ಣ ನನ್ನ ಮುಖ ನೋಡಿದ.

ಆ ಮಧ್ಯಾಹ್ನ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚದೆ ಕೂತು ಹೇಳಿದ: "ನಾ ಹೇಳಿದ್ರ ಅದು ದೂರು. ನೀನ ಹೋಗಿ ಮಾಮಲೇದಾರ್ರಿಗೆ ಹೇಳು. ಆಕಿ ಹೊಲಾ ಉಳೀತೈತಿ. ನಿನ್ನ ಸಲುವಾಗಿ ನಾ ಕೈ ಮುಗೀತೀನಿ ಸಾಹೇಬ್ರಿಗೆ." ಹೂಂ ಅಂದೆ. ಹೇಳಬೇಕೆಂದೇ ಹೋದೆ.

ಬಳೆಯ ಸುದ್ದಿ ಆಗಲೇ ಮಾಮಲೇದಾರರ ಕಿವಿಗೆ ಬಿದ್ದಿತ್ತು. ಅವರು ಬಾಗಿಲು ಮುಚ್ಚಿಸಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕೇಳಿದರು: "ನಿಮ್ಮ ಅಣ್ಣ ಬರಿ ಅಂದಾ, ನೀ ಬರದಿ. ಹಂಗ ಅಲ್ಲೇನ?"

ಅವರಿಗೆ ಅಣ್ಣ ಬೇಡವಾಗಿದ್ದ. ನನಗೆ ನೌಕರಿ ಬೇಕಾಗಿತ್ತು. "ಹೌದ್ರಿ" ಅಂದೆ. ಅಷ್ಟೇ, ಒಂದೇ ಮಾತು.

ಅಣ್ಣನನ್ನು ಕರೆಸಿ ನನ್ನ ಜಬಾನಿ ಹೇಳಿಕೆ ಓದಿದರು. ಅವನು ತನ್ನ ಪರವಾಗಿ ಒಂದೇ ಸಾಲು ಬರೆದ, ಅದು ಸುಳ್ಳು ಎಂದು. ಅದರ ಕೆಳಗೆ ಮುದುಕಿಯ ಸಂಗತಿಯನ್ನು ಒಂದು ಪುಟ ಬರೆದ: ಅವಳಿಗೆ ತಿಳಿಸದೆ, ಅವಳ ಮಾತು ಕೇಳದೆ ಆದ ನಿರ್ಣಯವಿದು, ನಿಲ್ಲಬಾರದು. ತಿಳಿಸಿದರೂ ಬಂದಿಲ್ಲವೆಂದು ಬರೆದ ಕೈ ತನ್ನದೇ, ಅದಕ್ಕೆ ಉತ್ತರ ಕೊಡುವವನೂ ತಾನೇ ಎಂದು ಸಹಿ ಹಾಕಿದ. ಆ ಕಾಗದ ಮೇಲಿನವರಿಗೆ ಮುಟ್ಟಿತು. ಮುದುಕಿಯ ಅಹವಾಲು ಮತ್ತೆ ಕೇಳಿ ಹೊಲ ಬಿಟ್ಟುಕೊಟ್ಟರು. ಅಣ್ಣನನ್ನು ಕೆಲಸದಿಂದ ತೆಗೆದರು.

ಹೊರಗೆ ಮೆಟ್ಟಿಲಿಳಿಯುವಾಗ ಅವನು ನನ್ನ ಹತ್ತಿರ ನಿಂತ. ಬೈಯುತ್ತಾನೆ ಅಂದುಕೊಂಡೆ.

"ಅವರು ಹಿಂಗ ಮಾಡ್ತಾರಂತ ಗೊತ್ತಿತ್ತು ತಮ್ಮಾ. ನೀ ಮಾಡ್ತೀ ಅಂತ ಗೊತ್ತಿರಲಿಲ್ಲ."

ಹೆಂಡತಿ, ಮಗಳನ್ನು ಕರೆದುಕೊಂಡು ಹೊಳೆಮಣ್ಣೂರಿಗೆ, ಹೆಂಡತಿಯ ತವರಿಗೆ ಹೋದ. ಮಗಳಿಗೂ ಊರಿನ ನಾಲ್ಕು ಮಕ್ಕಳಿಗೂ ಅಕ್ಷರ ಕಲಿಸುತ್ತಿದ್ದನಂತೆ. ಮೂರನೆಯ ವರ್ಷ ಜ್ವರ ಬಂದು ತೀರಿಕೊಂಡ. ನಾನು ಮಣ್ಣಿಗೆ ಹೋದೆ. ಜನರ ಹಿಂದೆ ನಿಂತೆ... ಮುಖ ನೋಡುವ ಧೈರ್ಯವಾಗಲಿಲ್ಲ.

ನನ್ನ ನೌಕರಿ ಉಳಿಯಿತು. ಮುಂದೆ ಶಿಪಾಯಿಗಳ ಮೇಲೆ ಜಮಾದಾರನೂ ಆದೆ. ಆ ಮಾಮಲೇದಾರರೂ ಈಗಿಲ್ಲ, ಮುದುಕಿಯೂ ಇಲ್ಲ. ಖರೇ ಗೊತ್ತಿರುವವನು ನಾನೊಬ್ಬನೇ.

ಅಣ್ಣನ ಮಗಳು ಹೊಳೆಮಣ್ಣೂರಿನಲ್ಲೇ ಇದ್ದಾಳೆ. ಅಪ್ಪ ಖೊಟ್ಟಿ ಗುರುತು ಬರೆಸಿದವನು ಎಂಬ ಮಾತು ಕೇಳುತ್ತಲೇ ಬೆಳೆದವಳು. ಹಬ್ಬಕ್ಕೆ ಹೋದಾಗ, "ಕಾಕಾ, ನಮ್ಮಪ್ಪ ಹಂಗ ಮಾಡಿದ್ದು ಖರೇನ?" ಎಂದು ಎರಡು ಸಲ ಕೇಳಿದ್ದಾಳೆ. ಎರಡು ಸಲವೂ ನಾನು ನೀರು ಕೇಳಿ ಮಾತು ತಪ್ಪಿಸಿದ್ದೇನೆ. ಬರುವ ಸೋಮವಾರ, ಇದನ್ನೆಲ್ಲ ಬರೆದಿಟ್ಟ ಈ ಕಾಗದ ಒಯ್ದು ಅವಳಿಗೆ ಕೊಡುತ್ತೇನೆ. ಓದಿದ ಮೇಲೆ ಅವಳು ನನ್ನನ್ನು ಕಾಕಾ ಎನ್ನಲಿಕ್ಕಿಲ್ಲ. ಅಣ್ಣನ ಕಡೆಯವರೆಂದು ನನಗೆ ಉಳಿದಿರುವವಳು ಅವಳೊಬ್ಬಳೇ.