ಘಟ್ಟದ ನಡುವೆ ಒಂದು ನಿದ್ದೆ

ಮೊನ್ನೆ ಮಗಳು ನನಗೊಂದು ಕುರ್ಚಿ ಕಳಿಸಿದಳು. ಕುರ್ಚಿ ಎಂದರೆ ನಾಲ್ಕು ಕಾಲು, ಒಂದು ಬೆನ್ನು ಎಂದು ನೀವು ತಿಳಿದೀರಿ. ಇದಕ್ಕೆ ಕಾಲಿನ ಬದಲು ಗಾಲಿಗಳು, ಸೊಂಟಕ್ಕೊಂದು ದಿಂಬು, ಕುತ್ತಿಗೆಗೆ ಇನ್ನೊಂದು, ಪಕ್ಕದಲ್ಲಿ ಎಂಥದೋ ಒಂದು ಹಿಡಿ. ಕೈ ಸುಮ್ಮನಿರದೆ ಹಿಡಿ ಎಳೆದೆ. ಕುರ್ಚಿ ಉಸ್ಸೆಂದು ಕುಸಿದು ನನ್ನ ಮೂಗು ಮೇಜಿನ ಅಂಚಿಗೆ ಸಮನಾಯಿತು. ಹೆಂಡತಿ ಒಳಗಿನಿಂದ ಓಡಿ ಬಂದವಳು ನನ್ನ ತಲೆ ಮಾತ್ರ ಕಂಡು ಬಾಗಿಲಲ್ಲೇ ನಿಂತು ನಕ್ಕಳು. ನಾನು ನಗಲಿಲ್ಲ. ಕುತ್ತಿಗೆಯ ದಿಂಬಿನಿಂದ ಹೊಸ ರೆಕ್ಸಿನ್ನಿನ ವಾಸನೆ ಬರುತ್ತಿತ್ತು. ಆ ವಾಸನೆ ನನ್ನನ್ನು ಆಗಲೇ ವಿರಾಜಪೇಟೆಯ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿತ್ತು.

ಆಗ ಕೊಡಗು ತನ್ನ ಪಾಡಿಗೆ ತಾನೊಂದು ರಾಜ್ಯ. ಘಟ್ಟದ ಕೆಳಗೆ ಮದರಾಸು ರಾಜ್ಯ. ವಿರಾಜಪೇಟೆಯಲ್ಲಿ ತಿಂಡಿ ತಿಂದು ಬಸ್ ಹತ್ತಿದರೆ ಮಾಕುಟ್ಟದ ತಿರುವುಗಳನ್ನು ಇಳಿದು, ಇರಿಟ್ಟಿಯಲ್ಲಿ ಚಾ ಕುಡಿದು, ಊಟದ ಹೊತ್ತಿಗೆ ಸ್ವಂತ ರಾಜ್ಯಕ್ಕೆ ವಾಪಸ್ ಬರಬಹುದಿತ್ತು. ಆ ಬಸ್ಸಿಗೆ ನಾನು ಕಂಡಕ್ಟರ್. ನಮ್ಮದು ಶಿರಂಗಾಲದ ಕಡೆ, ಹಾಸನ ಜಿಲ್ಲೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನ. ನಾನು ನೇಗಿಲು ಹಿಡಿದರೆ ಸಾಲು ಹಾವಿನ ಹಾಗೆ ಹೋಗುತ್ತಿತ್ತು. ಅದನ್ನು ನೋಡಿ ನೋಡಿ ಸಾಕಾದ ಅಪ್ಪ ಒಂದು ದಿನ ಅವ್ವನಿಗೆ ಹೇಳಿದರು: "ಇವ್ನಿಗೆ ಸೊಟ್ಟಗೆ ಹೋಗೋ ಕೆಲ್ಸನೇ ಸರಿ ಕಣೇ. ಘಟ್ಟದ ಬಸ್ಸಿಗೆ ಸೇರಿಸ್ತೀನಿ." ಹಾಗೆ ಸೇರಿದವನು ನಾನು.

ಡ್ರೈವರ್ ಶಿವಪ್ಪಣ್ಣ. ಶನಿವಾರಸಂತೆಯ ಕಡೆಯವರು. ಅಗಲ ಭುಜ, ಹಣೆಯಲ್ಲಿ ಮೂರು ಗೆರೆ ವಿಭೂತಿ, ಗಿಡ್ಡ ಮೀಸೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ವಿರಾಜಪೇಟೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಆಗಿನ ಬಸ್ಸಿನ ಸ್ಟೇರಿಂಗ್ ಎಂದರೆ ಈಗಿನಂತೆ ಒಂದು ಬೆರಳಿಗೆ ತಿರುಗುವಂಥದ್ದಲ್ಲ. ತಿರುವು ಬಂದಾಗ ಶಿವಪ್ಪಣ್ಣ ಸೀಟಿನಿಂದ ಅರ್ಧ ಎದ್ದು, ಇಡೀ ಮೈಭಾರ ಹಾಕಿ ಅದನ್ನು ಬಗ್ಗಿಸುತ್ತಿದ್ದರು. ಸೀಟೋ, ಬರಿಯ ಹಲಗೆ. ಪಕ್ಕದಲ್ಲಿ ಇಂಜಿನ್, ಕಾಲಿನ ಹತ್ತಿರ ಒಲೆ ಹೊತ್ತಿಸಿಟ್ಟ ಹಾಗೆ. ಬೆಳಿಗ್ಗೆ ಒಂದು ಸಲ ಘಟ್ಟ ಇಳಿದು ಹತ್ತಿ, ಕೈ ತೊಳೆದು ಅನ್ನ ನುಂಗಿ, ಮಧ್ಯಾಹ್ನ ಮತ್ತೊಂದು ಸಲ ಇಳಿದು ಹತ್ತಬೇಕು. ವಾರಪೂರ್ತಿ ಅದೇ. ನಾನು ಹಿಂದೆ ನಿಂತು "ರೈಟ್, ರೈಟ್" ಎನ್ನುವುದೇ ಬಸ್ ಓಡಲು ಕಾರಣ ಎಂದು ಬಹಳ ದಿನ ನಂಬಿದ್ದೆ.

ಸ್ಟ್ಯಾಂಡಿನ ಚಾದಂಗಡಿಯ ಬೆಂಚಿನಲ್ಲಿ ದಿನವೂ ಒಬ್ಬರು ಕೂತಿರುತ್ತಿದ್ದರು. ಚಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಕೈ ಮೇಲಕ್ಕೆ ಬಾರದ್ದಕ್ಕೆ ಬಾಯನ್ನೇ ಲೋಟದ ಹತ್ತಿರ ಬಗ್ಗಿಸಿ ಕುಡಿಯುತ್ತಿದ್ದರು. ನಾನು ಯಾರೋ ಮುದುಕರು ಎಂದುಕೊಂಡಿದ್ದೆ. ಶಿವಪ್ಪಣ್ಣ ಬಿಡುವಾದಾಗಲೆಲ್ಲ ಅವರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದರು. ಒಮ್ಮೆ ಕೇಳಿದೆ, ಯಾರು ಅಂತ.

"ಐತಪ್ಪ. ನನಗಿಂತ ಮುಂಚೆ ಈ ಗಾಡಿ ಓಡಿಸ್ತಿದ್ದೋನು" ಎಂದರು. ಆಮೇಲೆ, "ವಯಸ್ಸಲ್ಲಿ ನನಗಿಂತ ಚಿಕ್ಕೋನು ಕಣ್ಲಾ ತಮ್ಮಾ" ಎಂದರು.

ಅದಾದ ಮೇಲೆ ಶಿವಪ್ಪಣ್ಣ ಮುದಲಾಳಿಯ ಹತ್ತಿರ ಹೋದರು. ಬಸ್ಸಿನ ಯಜಮಾನರನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ. ಕೇರಳದ ಮಾತು, ನಮ್ಮ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಮುದಲಾಳಿ ಕೆಟ್ಟವರಲ್ಲ. ದೊಡ್ಡ ದನಿ, ದೊಡ್ಡ ಹೊಟ್ಟೆ, ಹಬ್ಬಕ್ಕೆ ನಮಗೆಲ್ಲ ಬಟ್ಟೆ ಕೊಡಿಸುವ ಕೈ. ಆದರೆ ತಾವೂ ಹರೆಯದಲ್ಲಿ ಲಾರಿ ಓಡಿಸಿದವರು ಎಂಬ ಹೆಮ್ಮೆ ಅವರಿಗೆ ಹೊಟ್ಟೆಗಿಂತ ಮುಂದೆ ಬರುತ್ತಿತ್ತು.

"ಮಧ್ಯಾಹ್ನದ ಟ್ರಿಪ್ಪಿಗೆ ಇನ್ನೊಬ್ಬ ಡ್ರೈವರ್ನ ಹಾಕ್ಕೊಳ್ಳಿ ಮುದಲಾಳಿ. ಸೀಟೊಂದು ಸರಿಮಾಡ್ಸಿ. ಹೀಗೇ ಆದ್ರೆ ಐತಪ್ಪನ ಹಾಗೆ ನನ್ನ ಭುಜಾನೂ ಬಹಳ ವರ್ಷ ಬಾಳಿಕೆ ಬರಲ್ಲ."

"ಗಾಡಿಯನ್ನ ನೀನೇನು ಹೆಗಲು ಕೊಟ್ಟು ಎಳೀತೀಯಾ ಶಿವಪ್ಪ? ಇಂಜಿನ್ ಎಳೀತದೆ. ನೀನು ಕೂತಿರ್ತೀಯ. ಕೂತ್ಕೊಳ್ಳೋದಕ್ಕೂ ಆಯಾಸ ಉಂಟಾ? ನಾನು ಲಾರಿಯಲ್ಲಿದ್ದಾಗ ದಿನಗಟ್ಟಲೆ ಕಣ್ಣು ಮುಚ್ಚಿದವನಲ್ಲ."

ಶಿವಪ್ಪಣ್ಣ ವಾಪಸ್ ಬಂದು ಅದೇ ಹಲಗೆಯ ಮೇಲೆ ಕೂತರು.

ಆ ದಿನಗಳಲ್ಲಿ ನಮ್ಮ ಬಸ್ಸಿಗೆ ಇಬ್ಬರು ಕಾಯಂ ಗಿರಾಕಿಗಳು. ಒಬ್ಬರು ಮೊಯ್ದು ಕಾಕ. ಇರಿಟ್ಟಿಯಿಂದ ಮೀನಿನ ಬುಟ್ಟಿ ತಂದು ವಿರಾಜಪೇಟೆಯಲ್ಲಿ ಮಾರುವವರು. ಇನ್ನೊಬ್ಬರು ಮುದ್ದವ್ವನವರು, ಕೊಡವರ ಅಜ್ಜಿ. ಮೊಣಕಾಲಿಗೆ ಎಣ್ಣೆ ಹಾಕಿಸಿಕೊಳ್ಳಲು ಘಟ್ಟದ ಕೆಳಗಿನ ವೈದ್ಯರ ಹತ್ತಿರ ಓಡಾಡುತ್ತಿದ್ದರು. ಒಬ್ಬರದು ಮೀನಿನ ವಾಸನೆ, ಒಬ್ಬರದು ಎಣ್ಣೆಯ ವಾಸನೆ. ಇಬ್ಬರೂ ಪರಸ್ಪರ ಮೂಗು ಮುಚ್ಚಿಕೊಂಡು ಅಕ್ಕಪಕ್ಕದಲ್ಲೇ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಇರಿಟ್ಟಿಯಿಂದ ವಾಪಸ್ ಹತ್ತುತ್ತಿದ್ದೆವು. ನಾನು ಟಿಕೆಟ್ ಹರಿಯುತ್ತಾ ಹಿಂದಿದ್ದೆ. ಇದ್ದಕ್ಕಿದ್ದಂತೆ ಬಸ್ ಎಡಕ್ಕೆ ವಾಲಿತು. ಕಿಟಕಿಯಲ್ಲಿ ರಸ್ತೆಯಿಲ್ಲ, ಬದಿಯ ಮಣ್ಣಿಲ್ಲ. ಕಾಣಿಸಿದ್ದು ಕೆಳಗಿನ ಕಾಡಿನ ಮರಗಳ ತಲೆಗಳು. ಯಾರೋ ದೇವರನ್ನು ಕರೆದರು. ಮರುಗಳಿಗೆ ಶಿವಪ್ಪಣ್ಣ ಸ್ಟೇರಿಂಗನ್ನು ಎದೆಗೆ ಒತ್ತಿ ಎಳೆದುಕೊಂಡರು, ಬಸ್ ಕುಲುಕಿ ರಸ್ತೆಗೆ ಬಂತು. ಮುಂದಿನ ಅಗಲ ಜಾಗದಲ್ಲಿ, ತೊರೆಯ ಪಕ್ಕ, ನಿಲ್ಲಿಸಿದರು. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟರು.

"ಒಂದು ಕ್ಷಣ ಕಣ್ಣು ಹತ್ತಿಬಿಡ್ತು" ಎಂದರು, ಎಲ್ಲರಿಗೂ ಕೇಳುವಂತೆ. "ನಾನೀಗ ಮಲಗ್ತೀನಿ. ಎದ್ದ ಮೇಲೆ ಹೊರಡೋದು. ಬೈಯೋರು ಆಮೇಲೆ ಬೈಯಿರಿ."

ಗಲಾಟೆ ಎದ್ದಿತು. ಒಬ್ಬನಿಗೆ ಕೋರ್ಟು ಕೆಲಸ, ಒಬ್ಬನಿಗೆ ಗೋಣಿಕೊಪ್ಪಲಿನ ಬಸ್ ತಪ್ಪುತ್ತದೆ. ಮೊಯ್ದು ಕಾಕ ಬುಟ್ಟಿಯ ಮೇಲಿನ ಎಲೆ ಸರಿಸಿ ತೋರಿಸಿದರು: "ನೀವು ಮಲಗಿದ್ರೆ ಏಳ್ತೀರಿ ಡ್ರೈವರೇ, ನನ್ನ ಮೀನು ಏಳ್ತದಾ?"

ಆಗ ಮುದ್ದವ್ವನವರು ಕೊಡೆಯನ್ನು ಬಸ್ಸಿನ ತಗಡಿಗೆ ಟಣ್ಣನೆ ಬಡಿದರು. "ಎಲ್ಲ ಬಾಯಿ ಮುಚ್ಚಿ! ಅವನು ಇಲ್ಲಿ ನಿದ್ದೆ ಮಾಡದಿದ್ರೆ ಗಾಡಿ ಓಡಿಸ್ಕೊಂಡು ಮಾಡ್ತಾನೆ. ನಿಮಗೆ ಯಾವುದು ಬೇಕು?"

ಯಾರಿಗೂ ಎರಡನೆಯದು ಬೇಕಿರಲಿಲ್ಲ. ಶಿವಪ್ಪಣ್ಣ ಹಿಂದಿನ ಸೀಟಿನಲ್ಲಿ ಮಲಗಿದರು. ಮುದ್ದವ್ವನವರು ಬಾಗಿಲಲ್ಲಿ ಕೂತು ಕಾವಲಾದರು. ನಾವು ತೊರೆಯಲ್ಲಿ ಕಾಲು ಇಳಿಬಿಟ್ಟು, ಯಾರೋ ತಂದಿದ್ದ ಬಾಳೆಹಣ್ಣು ಹಂಚಿ ತಿಂದೆವು. ಮೊಯ್ದು ಕಾಕ ಮೀನಿಗೆ ತಣ್ಣೀರು ಚಿಮುಕಿಸಿದರು. ನಿಜ ಹೇಳಬೇಕೆಂದರೆ ನನ್ನ ಕಂಡಕ್ಟರ್ ಬಾಳಿನಲ್ಲಿ ಅಷ್ಟು ಸುಖದ ಮಧ್ಯಾಹ್ನ ಮತ್ತೊಂದಿಲ್ಲ.

ಸುಖವೆಲ್ಲ ವಿರಾಜಪೇಟೆ ಮುಟ್ಟುವವರೆಗೆ. ಕೋರ್ಟಿನವನು ಇಳಿದವನೇ ದೂರು ಹೇಳಿದ. ಮುದಲಾಳಿ ಸ್ಟ್ಯಾಂಡಿನಲ್ಲೇ ಕೂಗಿದರು: "ಮಲಗೋದಕ್ಕೆ ಮನೆ ಉಂಟು. ನಾಳೆಯಿಂದ ಅಲ್ಲೇ ಮಲಗು!"

ಶಿವಪ್ಪಣ್ಣ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಹೋಗುವಾಗ ಐತಪ್ಪನವರ ಪಕ್ಕ ಒಂದು ನಿಮಿಷ ಕೂತರು. ಅವರು ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಊರಲ್ಲಿ ಅವರ ಮೂವರು ಹೆಣ್ಣುಮಕ್ಕಳಿದ್ದದ್ದು ನನಗೆ ಗೊತ್ತಿತ್ತು.

ಮರುದಿನಕ್ಕೆ ಬೇರೆ ಡ್ರೈವರ್ ಸಿಗಲಿಲ್ಲ. "ಯಾಕೆ ಬೇಕು? ನಾನಿಲ್ವಾ?" ಎಂದು ಮುದಲಾಳಿಯೇ ಪಂಚೆ ಎತ್ತಿಕಟ್ಟಿ ಹಲಗೆಯ ಮೇಲೆ ಕೂತರು. ಬೆಳಗಿನ ಟ್ರಿಪ್ಪಿನಲ್ಲಿ ಇಳಿಯುವಾಗ ಹಾಡು ಹೇಳಿದರು. ಹತ್ತುವಾಗ ಹಾಡು ನಿಂತಿತು. ಮಧ್ಯಾಹ್ನ ಇಳಿಯುವಾಗ ಮಾತೂ ನಿಂತಿತು. ವಾಪಸ್ ಬರುವಾಗ ಪ್ರತಿ ತಿರುವಿಗೂ "ಅಯ್ಯೋ" ಎನ್ನುತ್ತಿದ್ದರು. ಅದು ಯಾರಿಗೂ ಕೇಳಿಸುತ್ತಿಲ್ಲ ಎಂದು ಅವರ ನಂಬಿಕೆ. ತೊರೆಯ ಹತ್ತಿರದ ಅಗಲ ಜಾಗ ಬಂತು. ಬಸ್ ತಾನಾಗಿ ನಿಂತಿತೋ ಎನ್ನುವಂತೆ ನಿಂತಿತು.

"ಇಂಜಿನ್ ಬಿಸಿಯಾಗಿದೆ. ಸ್ವಲ್ಪ ತಣೀಲಿ" ಎಂದು ಮುದಲಾಳಿ ಯಾರ ಮುಖವನ್ನೂ ನೋಡದೆ ಹಿಂದಿನ ಸೀಟಿಗೆ ಹೋದರು. ಟವೆಲನ್ನು ಮುಖದ ಮೇಲೆ ಎಳೆದುಕೊಂಡರು.

ನಾವೆಲ್ಲ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಸದ್ದು ಶುರುವಾಯಿತು.

ಮೊಯ್ದು ಕಾಕ ಪಿಸುಗುಟ್ಟಿದರು: "ಇಂಜಿನ್ ಗೊರಕೆ ಹೊಡೀತಾ ಉಂಟು."

"ಶ್! ತಣೀಲಿ ಬಿಡಿ" ಎಂದರು ಮುದ್ದವ್ವನವರು.

ಮುದಲಾಳಿ ಎದ್ದಾಗ ಇಡೀ ಬಸ್ ಅವರನ್ನೇ ನೋಡುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವರು ಸಿಟ್ಟು ಮಾಡಿ ಪಾರಾಗುತ್ತಿದ್ದರೋ ಏನೋ. ಮುದ್ದವ್ವನವರು ನೀರಿನ ಚೊಂಬು ಕೊಟ್ಟರು. "ಮುಖ ತೊಳ್ಕೊ. ನೀನು ಒಂದು ದಿನ ಓಡಿಸಿದ್ದಕ್ಕೆ ಹೀಗೆ. ಅವನು ದಿನಾ ಓಡಿಸ್ತಾನೆ."

ಮುದಲಾಳಿ ಮುಖ ತೊಳೆದರು. ಬಹಳ ಹೊತ್ತು ತೊಳೆದರು.

ಆ ಸಂಜೆ ಅವರು ನನ್ನನ್ನು ಕರೆದುಕೊಂಡು ಶಿವಪ್ಪಣ್ಣನ ಕೋಣೆಗೆ ಹೋದರು. ಬಾಗಿಲ ಚಿಲಕ ತಟ್ಟಲು ಕೈ ಎತ್ತಿದವರು ಅರ್ಧಕ್ಕೇ ನಿಲ್ಲಿಸಿ, "ನೀನು ತಟ್ಟಪ್ಪಾ, ನನ್ನ ಭುಜ ಏಳ್ತಾ ಇಲ್ಲ" ಎಂದರು. ಒಳಗೆ ಶಿವಪ್ಪಣ್ಣ ಪೆಟ್ಟಿಗೆ ಕಟ್ಟುತ್ತಿದ್ದರು. ಗೋಣಿಕೊಪ್ಪಲಿನಲ್ಲಿ ಒಂದು ಎಸ್ಟೇಟಿನ ಲಾರಿ ಕೆಲಸ ಸಿಕ್ಕಿತ್ತಂತೆ.

"ನಾಳೆ ಬಾ ಶಿವಪ್ಪ."

"ಬಂದು ಏನ್ಮಾಡ್ಲಿ ಮುದಲಾಳಿ? ಇನ್ನೊಂದು ಸಲ ಕಣ್ಣು ಹತ್ತಿದ್ರೆ ನಾನೊಬ್ನೇ ಅಲ್ಲ, ಇಷ್ಟು ಜನಾನೂ ಕರ್ಕೊಂಡು ಹೋಗ್ತೀನಿ."

ಮುದಲಾಳಿ ಪೆಟ್ಟಿಗೆಯ ಮೇಲೆಯೇ ಕೂತರು. ಕೂರುವಾಗಲೂ ನರಳಿದರು. "ಮಧ್ಯಾಹ್ನಕ್ಕೆ ಬೇರೆ ಡ್ರೈವರ್ ಹಾಕ್ತೇನೆ. ನೀನೇ ಒಬ್ಬನನ್ನು ನೋಡು. ಸೀಟೂ ಮಾಡಿಸ್ತೇನೆ. ಮತ್ತೆಂತ ಬೇಕು ಹೇಳು."

ಶಿವಪ್ಪಣ್ಣ ಕೈಯಲ್ಲಿದ್ದ ಹಗ್ಗವನ್ನು ಪಕ್ಕಕ್ಕಿಟ್ಟರು. "ಐತಪ್ಪನಿಗೆ ಸ್ಟ್ಯಾಂಡಲ್ಲಿ ಏನಾದ್ರೂ ಕೈ ಎತ್ತದೆ ಮಾಡೋ ಕೆಲ್ಸ ಕೊಡಿ. ಹೊರಡೋ ಹೊತ್ತು ಕೂಗಿ ಹೇಳೋದು, ಅಂಥಾದ್ದು. ಅವ್ನ ಗಂಟಲು ಇನ್ನೂ ಚೆನ್ನಾಗೈತೆ."

ಮುದಲಾಳಿ ತಲೆ ತಗ್ಗಿಸಿ "ಆಗಲಿ" ಎಂದರು. ಅಷ್ಟು ಸಣ್ಣ ದನಿ ಅವರಿಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಸೀಟಿನ ಕತೆ ಹೇಳದಿದ್ದರೆ ರೆಕ್ಸಿನ್ನಿಗೆ ಅನ್ಯಾಯ. ಮುದಲಾಳಿ ಹುಮ್ಮಸ್ಸಿನಲ್ಲಿ ಯಾರನ್ನೂ ಕೇಳದೆ, ತೆಂಗಿನ ನಾರು ತುಂಬಿದ, ಕೆಂಪು ರೆಕ್ಸಿನ್ ಹೊದಿಸಿದ ಸಿಂಹಾಸನವೊಂದನ್ನು ಮಾಡಿಸಿ ತಂದರು. ಶಿವಪ್ಪಣ್ಣ ಅದರ ಮೇಲೆ ಕೂತರು. ತಲೆ ಚಾವಣಿಗೆ ತಾಗಿತು, ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಮಗುವನ್ನು ಮೇಜಿನ ಮೇಲೆ ಕೂರಿಸಿದ ಹಾಗೆ ಎರಡು ಕಾಲು ಗಾಳಿಯಲ್ಲಿ.

"ಹೇಗುಂಟು?" ಎಂದರು ಮುದಲಾಳಿ, ಕಣ್ಣರಳಿಸಿ.

"ಮದುವೆಗಾದ್ರೆ ಚೆನ್ನಾಗೈತೆ ಮುದಲಾಳಿ. ಕೂರೋನ್ನ ಒಂದು ಮಾತು ಕೇಳ್ಬೋದಿತ್ತು."

ಆಮೇಲೆ ಆಚಾರಿಯನ್ನು ಕರೆಸಿ, ಶಿವಪ್ಪಣ್ಣನನ್ನು ಕೂರಿಸಿಯೇ ಕಾಲು ಕೊಯ್ದರು. ಸೀಟಿನ ಕಾಲು, ಹೆದರಬೇಡಿ. ಬೆನ್ನಿಗೊಂದು ಓರೆ ಹಲಗೆ ಬಂತು. ಇಂಜಿನ್ ಪಕ್ಕ ಗೋಣಿ ಸುತ್ತಿದ ತಗಡು ಬಂತು. ಮಧ್ಯಾಹ್ನದ ಟ್ರಿಪ್ಪಿಗೆ ಬೇರೆ ಡ್ರೈವರ್ ಬಂದ. ಐತಪ್ಪಣ್ಣ ಸ್ಟ್ಯಾಂಡಿನಲ್ಲಿ ನಿಂತು "ಇರಿಟ್ಟೀ... ಇರಿಟ್ಟೀ" ಎಂದು ಕೂಗಿದರೆ ಪೇಟೆಯ ಆ ತುದಿಯಲ್ಲಿದ್ದವರೂ ಓಡಿ ಬರುತ್ತಿದ್ದರು. ಅವರ ಕೈ ಸರಿಹೋಗಲಿಲ್ಲ. ಆದರೆ ಆ ಬೆಂಚಿನಲ್ಲಿ ಮುದುಕನಂತೆ ಕೂರುವುದನ್ನು ಬಿಟ್ಟರು.

ನಾನು ಮುಂದೆ ಆ ಕೆಲಸ ಬಿಟ್ಟು ಕುಶಾಲನಗರದಲ್ಲಿ ಅಂಗಡಿ ಇಟ್ಟೆ. ಶಿವಪ್ಪಣ್ಣ ಮಾತ್ರ ತಲೆ ಪೂರ್ತಿ ಬೆಳ್ಳಗಾಗುವವರೆಗೂ ಬಸ್ ಓಡಿಸಿದರು. ಕೆಲಸ ನಿಲ್ಲಿಸಿದ ಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದರು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಇಳಿಸಿ ಕೂತ್ಕೊಳ್ಳಿ ಅಣ್ಣಾ, ಭಾರ ಅಲ್ವಾ ಎಂದೆ. "ಇರ್ಲಿ ಬಿಡ್ಲಾ, ಈ ಭುಜ ಉಳಿಸ್ಕೊಂಡಿದ್ದೇ ಇವ್ಳಿಗೋಸ್ಕರ" ಎಂದು ನಕ್ಕರು.

ಇದನ್ನು ಬರೆಯುತ್ತಿರುವಾಗ ಹಿತ್ತಲಿನಿಂದ ಪಾತ್ರೆಗಳ ಸದ್ದು ಕೇಳುತ್ತಿದೆ. ನಮ್ಮ ಮನೆಗೆಲಸದ ಗೌರಮ್ಮ. ಎಷ್ಟೋ ವರ್ಷದಿಂದ ಬರುತ್ತಾಳೆ, ನಲ್ಲಿಯ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೊಳೆಯುತ್ತಾಳೆ, ಏಳುವಾಗ ಗೋಡೆ ಹಿಡಿಯುತ್ತಾಳೆ. ಆ ಸದ್ದು ದಿನವೂ ಕೇಳುತ್ತದೆ. ಇವತ್ತು ಪೆನ್ನು ಹಿಡಿದುಕೊಂಡೇ ಎದ್ದು ಹೋದೆ.

"ಗೌರಮ್ಮ, ನಿಂತ್ಕೊಂಡು ತೊಳೆಯೋ ಹಾಗೆ ಇಲ್ಲೊಂದು ಕಟ್ಟೆ ಕಟ್ಟಿಸಿದ್ರೆ ಎಷ್ಟೆತ್ತರ ಇರಬೇಕು?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಯ್ಯನವರಿಗೆ ಜ್ವರವೋ ಏನೋ ಎಂಬಂತೆ. ಆಮೇಲೆ ಗೋಡೆ ಹಿಡಿದು ಎದ್ದು, ಕೈ ಒರೆಸಿಕೊಂಡು, ಅಂಗೈಯನ್ನು ಸೊಂಟದ ಹತ್ತಿರ ಗಾಳಿಯಲ್ಲಿ ಚಾಚಿದಳು. ಯೋಚಿಸಿದಳು. ಸ್ವಲ್ಪ ಕೆಳಗಿಳಿಸಿದಳು.

"ಇಷ್ಟು ಸಾಕು. ಆದ್ರೆ ಅಲ್ಲಲ್ಲ ಅಯ್ಯಾ, ಈ ಕಡೆ. ಅಲ್ಲಿ ಎರಚಲು ಹೊಡೀತದೆ."

ಅವಳ ಅಂಗೈ ಇದ್ದಲ್ಲಿ, ಈ ಕಡೆಯ ಗೋಡೆಯ ಮೇಲೆ, ಪೆನ್ನಿನಿಂದ ಒಂದು ಗೆರೆ ಎಳೆದೆ.